ನಿಲ್ಲಿಸಿಟ್ಟ ಬಾಟಲಿಗಳು

ಬೀದಿಯವರೆಲ್ಲ ಆ ದರ್ಜಿಯನ್ನು ನೆಟ್ಟಗಪ್ಪ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಹೆಂಡತಿ. ಇಡದೆ ಏನು ಮಾಡಿಯಾಳು, ಪಾಪ! ದಾರದ ರೀಲು ಅಡ್ಡ ಬಿದ್ದಿದ್ದರೆ ಈ ಮನುಷ್ಯನಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಅವಳು ಎದುರಿನ ವೈನ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕ್ಯಾಬರ್ನೆ, ಶಿರಾಜ್ ಎಂಬ ಎರಡು ದ್ರಾಕ್ಷಿ ಬೆರೆಸಿದ ಆಸ್ಟ್ರೇಲಿಯಾದ ಕೆಂಪು ವೈನ್ ಒಂದಿತ್ತು. ತಮ್ಮ ಮದುವೆಯ ವರ್ಷದ್ದರಿಂದ ಹಿಡಿದು, ವರ್ಷಕ್ಕೊಂದು ಬಾಟಲಿಯಂತೆ ಅದನ್ನು ತಂದು ಮಂಚದ ಕೆಳಗೆ ಮಲಗಿಸಿಡುತ್ತಿದ್ದಳು.

“ಇವೂ ನಮ್ಮ ಹಾಗೇ ರೀ. ಒಂದು ಬಿಗುಮಾನದ್ದು, ಇನ್ನೊಂದು ಬಾಯಿಬಡುಕಿ. ಹೊಂದ್ಕೊಳ್ಳೋಕೆ ಟೈಮ್ ಬೇಕು. ನಮ್ಮ ಬೆಳ್ಳಿಹಬ್ಬಕ್ಕೆ ಎಲ್ಲಾನೂ ಸಾಲಾಗಿ ತೆಗೆದು ರುಚಿ ನೋಡೋಣ. ಅಲ್ಲೀತನಕ ಮುಟ್ಟಿದ್ರೆ ನೋಡಿ!”

ಬೆಳ್ಳಿಹಬ್ಬಕ್ಕೆ ಇನ್ನೂ ಆರು ವರ್ಷ ಇರುವಾಗಲೇ ಅವಳು ಹೋಗಿಬಿಟ್ಟಳು. ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ಮನೆ ಬಣಬಣ ಎನ್ನತೊಡಗಿತು. ಮಾತಿಗೆ ಜನವಿಲ್ಲದೆ ಅವನು ಹೊಲಿಗೆ ಯಂತ್ರದ ಜೊತೆ ಮಾತಾಡಿದ. ಒಂದು ಭಾನುವಾರ, ಅವಳಿಗಾಗಿ ಏನಾದರೂ ಮಾಡಬೇಕೆನಿಸಿ, ಬಾಟಲಿಗಳನ್ನೆಲ್ಲ ಒರೆಸಿ ದಾರದ ಕಪಾಟಿನಲ್ಲಿ ವರ್ಷದ ಪ್ರಕಾರ ನೆಟ್ಟಗೆ ನಿಲ್ಲಿಸಿದ. ಅವನಿಗೆ ಉಳಿದಿದ್ದು ಒಂದೇ ಆಸೆ: ಮದುವೆ ವರ್ಷದ ಆ ಮೊದಲ ಬಾಟಲಿಯ ರುಚಿ ನೋಡಬೇಕು.

ಕೊನೆಗೂ ಬೆಳ್ಳಿಹಬ್ಬದ ದಿನ ಬಂತು. ವೈನ್ ಅಂಗಡಿಯ ಯಜಮಾನಿಯನ್ನು ಮನೆಗೆ ಕರೆದ. ಹೆಂಡತಿ ಆಕೆಯನ್ನು ಅಕ್ಕ ಎನ್ನುತ್ತಿದ್ದಳು, ಇವನೂ ಹಾಗೇ. ಕಪಾಟು ನೋಡಿದವಳೇ ಆಕೆ ಹೊಸ್ತಿಲಲ್ಲೇ ನಿಂತುಬಿಟ್ಟಳು.

“ಅಯ್ಯೋ ದೇವರೇ! ಇವನ್ನ ನಿಲ್ಲಿಸಿದ್ದು ಯಾರು?”

“ನಾನೇ ಅಕ್ಕಾ. ಚೆನ್ನಾಗಿ ಕಾಣುತ್ತಲ್ವಾ?”

“ಮಲಗಿಸಿದ್ರೆ ತಾನೇ ಬಿರಡೆ ಒದ್ದೆಯಾಗಿರೋದು, ಮಾರಾಯ್ರೇ! ಅದು ಒಣಗಿದ್ರೆ ಒಳಗೆ ಗಾಳಿ ಹೋಗುತ್ತೆ.”

ಮೊದಲನೆಯದರ ಬಿರಡೆ ಪುಡಿಪುಡಿಯಾಗಿ ಬಂತು. ಆಕೆ ಮೂಸಿ ನೋಡಿ ಲೋಟ ಕೆಳಗಿಟ್ಟಳು. ಎರಡನೆಯದೂ ಹುಳಿ, ಮೂರನೆಯದೂ ಹುಳಿ. ಬಿರಡೆ ಇದ್ದವೆಲ್ಲ ಹಾಳು. ಈಚಿನ ಕೆಲವಕ್ಕೆ ಮಾತ್ರ ತಿರುಪು ಮುಚ್ಚಳವಿತ್ತು, ಅವು ಬದುಕಿದ್ದವು. ಹೆಂಡತಿ ತಂದ ಕಟ್ಟಕಡೆಯದನ್ನು ಕುಡಿದರೆ ನಾಲಿಗೆಯೆಲ್ಲ ಒಗರು.

“ಇದಿನ್ನೂ ಎಳೇದು. ಇನ್ನಷ್ಟು ವರ್ಷ ಬೇಕಿತ್ತು ಇದಕ್ಕೆ.”

“ಅವಳಿಗೂ ಬೇಕಿತ್ತು ಅಕ್ಕಾ.”

ಆಕೆ ಅವನ ಬೆನ್ನು ಸವರಿ ಅಂಗಡಿಗೆ ಹೊರಟಳು. ಅವನು ಮೊದಲ ಬಾಟಲಿಯಿಂದಲೇ ಲೋಟ ತುಂಬಿಸಿಕೊಂಡ. ಹುಳಿ ಗಂಟಲು ಸುಟ್ಟಿತು. ಬಿಡಲಿಲ್ಲ, ತಳ ಕಾಣುವ ತನಕ ಕುಡಿದ. ಆಮೇಲೆ ಬಾಟಲಿಗಳನ್ನೆಲ್ಲ ಖಾಲಿ ಮಾಡಿ ತೊಳೆದು, ಮಂಚದ ಕೆಳಗೆ, ಅವಳು ಮಲಗುತ್ತಿದ್ದ ಬದಿಗೆ, ಒಂದೊಂದಾಗಿ ಮಲಗಿಸಿದ.

“ಮುಟ್ಬೇಡಿ ಅಂದಿದ್ದೆ ನೀನು. ಮುಟ್ಟಿಬಿಟ್ಟೆ ಕಣೇ,” ಎಂದ ಅಳುತ್ತ. “ಒಂದ್ಸಲ ಬೈದುಬಿಡೇ.”