ಮ್ಯಾನೇಜರ್ ಬಿಟ್ಟುಹೋದ ಕೀಲಿ

ಕಳೆದ ವಾರ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ನಮ್ಮ ಮನೆಯ ಹೀಟರ್ ಮುನಿಸಿಕೊಂಡಿತು. ರಿಪೇರಿಗೆ ಬಂದ ಮೆಕ್ಯಾನಿಕ್ ಟಾರ್ಚ್ ಕೇಳಿದ. ಅಡುಗೆಮನೆಯ ಡ್ರಾಯರ್ ಎಳೆದೆ. ತುಂಡು ದಾರ, ಸತ್ತ ಬ್ಯಾಟರಿ, ಹಳೆಯ ಕುಕ್ಕರಿನ ಗ್ಯಾಸ್ಕೆಟ್. ಅವುಗಳ ನಡುವಿನಿಂದ ಅವನು ಕಿರುಬೆರಳುದ್ದದ ಹಿತ್ತಾಳೆಯ ಕೀಲಿಯೊಂದನ್ನು ಎತ್ತಿಕೊಂಡ.

"ರೇಡಿಯೇಟರಿನ ಗಾಳಿ ಬಿಡೋ ಕೀ ಇದು. ಈ ಮನೇಲಿ ರೇಡಿಯೇಟರೇ ಇಲ್ಲವಲ್ಲ?" ಎಂದ.

"ಯಾವುದೋ ಹಳೇ ಸಾಮಾನು," ಎಂದು ಡ್ರಾಯರ್ ಮುಚ್ಚಿದೆ. ಪಾಪ, ಅವನು ಕೇಳಿದ್ದು ಬರಿಯ ಕೀಲಿಯ ವಿಷಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬೆವೆತೆ. ಅವನು ಬೇಸ್‌ಮೆಂಟಿಗೆ ಇಳಿದು ಹೋದ. ಮೇಲೆ ಬರುವಷ್ಟರಲ್ಲಿ ನಿಮಗೆ ನಿಜ ಹೇಳಿಬಿಡುತ್ತೇನೆ, ಕೇಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ಬ್ರಾಂಕ್ಸಿನ ಒಂದು ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದೆವು. ನಾನು ಸೇತುವೆಗಳ ನಕ್ಷೆ ಬರೆಯುವ ಕಿರಿಯ ಎಂಜಿನಿಯರ್. ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್ ಇದ್ದರೂ ಚಳಿಗಾಲದಲ್ಲಿ ಮನೆ ಬೆಚ್ಚಗಾಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಹೋಗಿ ಕೂಗಾಡುತ್ತಿದ್ದರು. ನಾನು ದಿನಕ್ಕೆ ಆರು ಸಲದಂತೆ ಎರಡು ವಾರ ಉಷ್ಣಾಂಶ ಬರೆದು, ಕೋಣೆವಾರು ಪಟ್ಟಿ ಮಾಡಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಟ್ಟಡದ ಸೂಪರ್‌ಗೆ ಕೊಟ್ಟೆ. ಸೂಪರ್ ಎಂದರೆ ಬಾಯ್ಲರಿನಿಂದ ಕಸದ ಡಬ್ಬದವರೆಗೆ ಎಲ್ಲವನ್ನೂ ನೋಡಿಕೊಳ್ಳುವವನು. ಅವನ ಹೆಸರು ಡೋಲನ್, ಐರ್ಲೆಂಡಿನವನು.

ಡೋಲನ್ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ ಗಹಗಹಿಸಿ ನಕ್ಕ. "ಪ್ರೊಫೆಸರ್, ಇಂಥ ಮನುಷ್ಯನನ್ನೇ ನಾನು ಹುಡುಕ್ತಾ ಇದ್ದೆ. ಭಾನುವಾರ ಏನು ಮಾಡ್ತೀಯ?"

ಭಾನುವಾರಗಳಲ್ಲಿ ಅವನು ಬೇರೆಯೇ ಮನುಷ್ಯ ಎಂಬುದು ಆಗ ತಿಳಿಯಿತು. ಐರ್ಲೆಂಡಿನ ತನ್ನ ಕೌಂಟಿಯಿಂದ, ಅಂದರೆ ಜಿಲ್ಲೆಯಿಂದ, ಬಂದವರೆಲ್ಲ ಸೇರಿ ಕಟ್ಟಿಕೊಂಡ ಗೇಲಿಕ್ ಫುಟ್‌ಬಾಲ್ ತಂಡಕ್ಕೆ ಅವನು ಮ್ಯಾನೇಜರ್. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಗೋಲುಗಂಬಗಳ ಅಡ್ಡಪಟ್ಟಿಯ ಮೇಲೆ ಹಾರಿದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಮೂರು. ವಾರವೆಲ್ಲ ಇಟ್ಟಿಗೆ ಹೊತ್ತವರು, ಬಸ್ ಓಡಿಸಿದವರು ಅಲ್ಲಿ ಅವನ ಒಂದು ಹುಬ್ಬಿನ ಸನ್ನೆಗೆ ಜಾಗ ಬದಲಿಸುತ್ತಿದ್ದರು. ನಾನು ಅವನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಯಾರು ಎಲ್ಲಿ ಚೆಂಡು ಕಳೆದುಕೊಂಡರು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಎರಡು ಸೀಸನ್ ಹಾಗೆ ಕೂತೆ. ಶಾಲೆಯ ಖೋಖೋ ತಂಡಕ್ಕೂ ಯಾರೂ ಸೇರಿಸಿಕೊಳ್ಳದಿದ್ದ ನನಗೆ ಅದೆಷ್ಟು ಹೆಮ್ಮೆ ಎನ್ನುತ್ತೀರಿ!

ಎರಡನೆಯ ವರ್ಷ ತಂಡ ಫೈನಲ್ ತಲುಪಿತು. ಅರ್ಧ ಆಟಕ್ಕೆ ನಾವು ನಾಲ್ಕು ಅಂಕ ಹಿಂದೆ. "ಎಲ್ಲಿ ಸೋರ್ತಾ ಇದೆ, ಪ್ರೊಫೆಸರ್?" ಎಂದು ಡೋಲನ್ ಬಂದ. ಗುರುತುಗಳೆಲ್ಲ ಎಂಟನೆಯ ನಂಬರಿನ ಮುಂದೆ ಗುಡ್ಡೆ ಬಿದ್ದಿದ್ದವು. ಎಂಟನೆಯವನು ಅವನ ಸ್ವಂತ ತಮ್ಮ. ನಾನು ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೆ. ಡೋಲನ್ ಮೆಲ್ಲಗೆ ನನ್ನ ಬೆರಳು ಸರಿಸಿ ನೋಡಿದ. ತಮ್ಮನ ಹೆಗಲ ಮೇಲೆ ಕೈ ಹಾಕಿ ಕಿವಿಯಲ್ಲಿ ಏನೋ ಹೇಳಿದ. ತಮ್ಮ ಸ್ವೆಟರ್ ಹಾಕಿಕೊಂಡು ಬಂದು ನನ್ನ ಪಕ್ಕ ಕೂತ.

ಒಂದು ಅಂಕದಿಂದ ಗೆದ್ದೆವು. ಅಣ್ಣನನ್ನು ಮೊದಲು ಓಡಿಹೋಗಿ ಅಪ್ಪಿಕೊಂಡವನು ಆ ತಮ್ಮನೇ.

ಅವರಲ್ಲೊಂದು ಪದ್ಧತಿಯಿತ್ತು. ಗೆದ್ದ ಮ್ಯಾನೇಜರ್ ಬೆಳ್ಳಿಯ ಕಪ್ಪನ್ನು ಹಿಡಿದುಕೊಂಡು ತಂಡದ ಪ್ರತಿಯೊಬ್ಬರ ಮನೆಗೂ ಹೋಗುತ್ತಾನೆ. ಮನೆಯವರು ಅದರಲ್ಲಿ ಒಂದು ಗುಟುಕು ಕುಡಿಯಬೇಕು, ಹಾಲಾದರೂ ಸರಿ. ನನ್ನ ಮನೆಗೂ ಬರುತ್ತೇನೆಂದು ಡೋಲನ್ ಹೇಳಿದ್ದ. ಯಾವತ್ತು ಎಂದು ನಾನು ಕೇಳಿರಲಿಲ್ಲ.

ಮುಂದಿನ ಭಾನುವಾರ ನಗರದಾಚೆಯ ಸಿರಿವಂತರ ಊರು ಜೆರಿಕೋದಿಂದ ಒಬ್ಬ ಡಾಕ್ಟರ್ ದಂಪತಿ ಊಟಕ್ಕೆ ಬಂದಿದ್ದರು. ಮೈಸೂರಿನವರು. ಸ್ವಂತ ಮನೆ, ಹುಲ್ಲುಹಾಸು, ಎರಡು ಕಾರು. ಅವರ ಕಣ್ಣಿಗೆ ನಾನೂ ಒಬ್ಬ ದೊಡ್ಡ ಮನುಷ್ಯನಾಗಿ ಕಾಣಬೇಕು ಎಂಬ ಚಪಲ ನನಗೆ. ಬಿಸಿಬೇಳೆಭಾತ್ ಬಡಿಸುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಡೋಲನ್. ಕೋಟು, ಟೈ. ನೀರು ಹಚ್ಚಿ ಬಾಚಿದ ತಲೆ. ಎದೆಗವಚಿಕೊಂಡಿದ್ದ ಟವೆಲ್ಲಿನ ಗಂಟಿನಿಂದ ಬೆಳ್ಳಿಯ ಹಿಡಿಯೊಂದು ಹೊರಗೆ ಇಣುಕುತ್ತಿತ್ತು.

"ಯಾರ್ರೀ ಅದು?" ಎಂದರು ಡಾಕ್ಟರು, ತಟ್ಟೆಯ ಮುಂದಿನಿಂದಲೇ.

ಹೇಳಬಹುದಿತ್ತು. ಇವರು ನಮ್ಮ ಮ್ಯಾನೇಜರ್, ಚಾಂಪಿಯನ್‌ಶಿಪ್ ಗೆದ್ದವರು, ಬನ್ನಿ, ಕೈ ಕುಲುಕಿ ಎನ್ನಬಹುದಿತ್ತು. ನಾನು ಹಿಂದಿರುಗಿ ನೋಡಿ, ಕನ್ನಡದಲ್ಲಿ, ನಗುತ್ತಾ ಅಂದೆ: "ಏನಿಲ್ಲ ಸಾರ್, ನಮ್ಮ ಬಿಲ್ಡಿಂಗ್ ಸೂಪರ್. ರೇಡಿಯೇಟರ್ ನೋಡೋಕೆ ಬಂದಿದಾನೆ."

ಅವನಿಗೆ ಕನ್ನಡ ಬಾರದು ಎಂಬ ಧೈರ್ಯ ನನ್ನದು. ಆದರೆ ನಮ್ಮ ಕನ್ನಡ ಎಂಥದ್ದು, ನೀವೇ ನೋಡಿ. ಬಿಲ್ಡಿಂಗ್, ಸೂಪರ್, ರೇಡಿಯೇಟರ್. ಅವನಿಗೆ ತಿಳಿಯಬೇಕಾದ್ದೆಲ್ಲ ಅದರಲ್ಲಿತ್ತು.

ಡೋಲನ್ ನನ್ನ ಮುಖವನ್ನು ಒಂದು ಕ್ಷಣ ನೋಡಿದ. ಟವೆಲ್ಲಿನ ಗಂಟನ್ನು ಹೊರಗೆ ಮೆಟ್ಟಿಲ ಬಳಿ ಇಟ್ಟು ಒಳಗೆ ಬಂದ. ಟೈ ಹೆಗಲ ಮೇಲೆ ಹಾಕಿಕೊಂಡು ಕಿಟಕಿಯ ಕೆಳಗೆ ಮೊಣಕಾಲೂರಿದ. ಜೇಬಿನಿಂದ ಕೀಲಿ ತೆಗೆದು, ಎಂದೋ ಅವನೇ ಸರಿಮಾಡಿದ್ದ, ಈಗ ಏನೂ ಕೆಟ್ಟಿರದ ರೇಡಿಯೇಟರಿನ ಗಾಳಿ ಬಿಟ್ಟ. ಅದು ಬುಸ್ಸೆಂದಿತು. ಡಾಕ್ಟರು ಇನ್ನೊಂದು ಹಪ್ಪಳ ಮುರಿದರು.

"ಈಗ ಸರಿಯಾಗಿದೆ, ಸರ್," ಎಂದು ನನಗೆ ಹೇಳಿ ಹೊರಟುಹೋದ. ಎರಡು ವರ್ಷಗಳಲ್ಲಿ ಅವನು ನನ್ನನ್ನು ಸರ್ ಎಂದದ್ದು ಅದೇ ಮೊದಲು. ಆಮೇಲೆ ಪ್ರೊಫೆಸರ್ ಎನ್ನಲೇ ಇಲ್ಲ.

ಅತಿಥಿಗಳು ಹೋದ ಮೇಲೆ ನನ್ನವಳು ಪಾತ್ರೆ ತೊಳೆಯುತ್ತಾ, "ಅವರು ಟವೆಲ್ಲಲ್ಲಿ ಸುತ್ತಿ ತಂದದ್ದೇನು ಅಂತ ನಂಗೇ ಗೊತ್ತಾಯ್ತು ರೀ. ನಿಮಗೆ ಗೊತ್ತಾಗ್ಲಿಲ್ವಾ?" ಎಂದಳು. ನಾನು ಕಿಟಕಿಯತ್ತ ಹೋದೆ. ಕಿಟಕಿಯ ಕಟ್ಟೆಯ ಮೇಲೆ ಕೀಲಿ ಉಳಿದಿತ್ತು. ಮರೆತನೋ, ಬಿಟ್ಟನೋ ತಿಳಿಯದು. ಕೊಡಬೇಕೆಂದರೆ ಅವನ ಮುಖ ನೋಡಬೇಕಿತ್ತು. ನಾಳೆ ನಾಳೆ ಎನ್ನುತ್ತಾ ಮಾರ್ಚ್ ಬಂತು, ನ್ಯೂಜೆರ್ಸಿಗೆ ಮನೆ ಬದಲಿಸಿದೆವು. ನಾಲ್ಕನೆಯ ಮಹಡಿಯಿಂದ ಸಾಮಾನು ಇಳಿಸುವಾಗ ಲಿಫ್ಟಿನ ಬಾಗಿಲು ಹಿಡಿದು ನಿಂತವನು ಅವನೇ. ಕೀಲಿ ಆಗಲೂ ನನ್ನ ಜೇಬಿನಲ್ಲಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಡೆದದ್ದು ಹೋಗಲಿಲ್ಲ, ಪ್ರತಿ ಮನೆಯ ಡ್ರಾಯರಿಗೂ ನನ್ನ ಜೊತೆ ಬಂತು. ಇಷ್ಟು ವರ್ಷ ನನಗೆ ಅದರ ನಾಚಿಕೆಯಿತ್ತು, ಈಗಲೂ ಇದೆ.

ಅಷ್ಟರಲ್ಲಿ ಮೆಕ್ಯಾನಿಕ್ ಮೇಲೆ ಬಂದ. ಕೈ ಒರೆಸಿಕೊಂಡು, "ಸರಿಯಾಯ್ತು ಸರ್," ಎಂದ. ನಾನು ಕುರ್ಚಿ ಎಳೆದುಕೊಟ್ಟು, ಕಾಫಿ ಮಾಡಿ, ಡ್ರಾಯರಿನಿಂದ ಕೀಲಿ ತೆಗೆದು ಅವನ ಮುಂದಿಟ್ಟೆ.

"ಆಗ ಸುಳ್ಳು ಹೇಳಿದೆ. ಇದು ನಮ್ಮ ಮ್ಯಾನೇಜರದು. ಚಾಂಪಿಯನ್‌ಶಿಪ್ ಗೆದ್ದವರು."

ಅವನು ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ನೀವೂ ಅವರ ಟೀಮಲ್ಲಿದ್ರಾ?"

"ಇದ್ದೆ," ಎಂದೆ. "ಒಂದು ಭಾನುವಾರದವರೆಗೆ."