ಭೂತಗನ್ನಡಿಯ ಎಂಟು ಆಸೆಗಳು

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳಿಗೆ ಎಲ್ಲರೂ ಇಟ್ಟಿದ್ದ ಹೆಸರು ಭೂತಗನ್ನಡಿ. ಎದುರಿಗೆ ಮಾತ್ರ ಅಕ್ಕ. ಇಪ್ಪತ್ತಾರು ವರ್ಷಗಳಿಂದ ಅವಳದು ಒಂದೇ ಕೆಲಸ. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲೆ ಹರಡಬೇಕು, ಒಳಮೈ ಹೊರಗೆ ಮಾಡಬೇಕು, ಕಾಲರಿನಿಂದ ಹಿಡಿದು ಕೆಳಗಿನ ಮಡಿಕೆಯವರೆಗೆ ತಪ್ಪು ಹುಡುಕಬೇಕು. ತಪ್ಪು ಸಿಕ್ಕ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಹೊಲಿದವರಿಗೇ ವಾಪಸ್ ಕಳಿಸಬೇಕು. ನಾನು ಪಕ್ಕದ ಮೇಜಿನವಳು, ನನ್ನದೂ ಅದೇ ಕೆಲಸ. ಆದರೆ ಹತ್ತು ಅಂಗಿಯಲ್ಲಿ ನಾನು ಎರಡು ತಪ್ಪು ಹಿಡಿದರೆ ಅವಳು ಐದು ಹಿಡಿಯುತ್ತಿದ್ದಳು. ಮೊಸರಲ್ಲಿ ಕಲ್ಲು ಹುಡುಕುವವರ ಬಗ್ಗೆ ಕೇಳಿದ್ದೆ, ಹುಡುಕಿ ತೆಗೆದು ಬಾಣ ಅಂಟಿಸುವವಳನ್ನು ಕಂಡದ್ದು ಇವಳಲ್ಲೇ.

ಈ ಕೆಲಸ ಕಾರ್ಖಾನೆಯ ಗೇಟಿಗೇ ಮುಗಿಯುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಅಂಗಿಯ ಗುಂಡಿ ನೋಡುತ್ತಿದ್ದಳು. ಯಾರಾದರೂ ಸುಮ್ಮನೆ ನಕ್ಕರೂ ಆ ನಗುವನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡುವವಳು. ‘ಚೆನ್ನಾಗಿದ್ದೀರಾ ಅಕ್ಕ’ ಎಂದರೆ, ‘ಏನು ಬೇಕಿತ್ತು’ ಎನ್ನುತ್ತಿದ್ದಳು. ಹಾಗೆಂದು ಕೆಟ್ಟವಳಲ್ಲ. ನನ್ನ ಹೆರಿಗೆಯ ಸಮಯದಲ್ಲಿ ಮೂರು ತಿಂಗಳು ನನ್ನ ಪಾಲಿನ ಅಂಗಿಗಳನ್ನೂ ತಾನೇ ನೋಡಿ, ಒಂದು ಮಾತೂ ಆಡದೆ ಇದ್ದವಳು. ಅದಕ್ಕೆ ಕೃತಜ್ಞತೆ ಹೇಳಲು ಹೋದಾಗ ಮಾತ್ರ, ಹೇಳುವುದಕ್ಕೆ ಇಷ್ಟು ದಿನ ಯಾಕೆ ತಡಮಾಡಿದೆ ಎಂದು ಅದರಲ್ಲೂ ಅನುಮಾನ ಪಟ್ಟಳು.

ಒಂದು ಸೋಮವಾರ ಊಟದ ಡಬ್ಬಿ ಬಿಚ್ಚಿದವಳು ತುತ್ತೆತ್ತದೆ ಕೂತಳು. ಮನೆಯಲ್ಲಿ ಏನೋ ನಡೆಯುತ್ತಿದೆ ಎಂದಳು. ಮಗಳು ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಅವಳು ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾಳಂತೆ. ಮೇಲೆ ‘ಅಮ್ಮನ ಆಸೆಗಳು’ ಎಂದು ದಪ್ಪಕ್ಷರ, ಕೆಳಗೆ ಎಂಟು ಸಾಲು, ಪ್ರತಿ ಸಾಲಿನ ಮುಂದೆ ಗುರುತು ಹಾಕಲು ಒಂದು ಚೌಕ. ದೋಣಿ ಹತ್ತುವುದು, ಜಾತ್ರೆಯ ದೊಡ್ಡ ತೊಟ್ಟಿಲಲ್ಲಿ ಕೂತು ಮೇಲೆ ಹೋಗುವುದು, ಸಮುದ್ರ ನೋಡುವುದು, ಈಜುಕೊಳಕ್ಕೆ ಇಳಿಯುವುದು, ಹಾಸಿಗೆಯನ್ನು ಬೇರೆ ಯಾರೋ ಹಾಸಿಕೊಡುವ ಹೋಟೆಲಿನಲ್ಲಿ ಮಲಗುವುದು, ಹೀಗೆ. ಇವನ್ನೆಲ್ಲ ತಾನು ಯಾರ ಹತ್ತಿರವೂ ಕೇಳಿಲ್ಲ ಎಂದಳು. ಆಮೇಲೆ ತಾನೇ ತಿದ್ದಿಕೊಂಡು, ಕೇಳಿಲ್ಲ, ಆದರೆ ಯಾವಾಗಲೋ ಗೊಣಗಿದ್ದೇನೆ ಎಂದಳು. ಹದಿನೈದು ವರ್ಷದ ಹಿಂದೆ ಪಾತ್ರೆ ತೊಳೆಯುತ್ತಾ, ಜನ್ಮದಲ್ಲಿ ಒಂದು ದೋಣಿ ಹತ್ತಿದವಳಲ್ಲ ನಾನು ಎಂದಿದ್ದಳಂತೆ. ಅದನ್ನು ನೆನಪಿಟ್ಟು ಬರೆಸಿದವರು ಗಂಡ.

ನಾನು ಅವರನ್ನು ಭಾವ ಎನ್ನುತ್ತಿದ್ದೆ. ಸಿಟಿ ಬಸ್ಸಿನ ಡ್ರೈವರು. ಆರು ತಿಂಗಳಿಂದ ಬಸ್ಸು ಬಿಟ್ಟು ಡಿಪೋದ ಒಳಗೆ ಕೂರುವ ಕೆಲಸಕ್ಕೆ ಹೋಗಿದ್ದರು, ವಯಸ್ಸಾಯಿತೆಂದು ಬದಲಾಯಿಸಿದ್ದಾರೆ ಎಂದಿದ್ದರಂತೆ. ಮಾತು ಕಡಿಮೆ. ಹೆಂಡತಿಗೆ ಒಂದು ಹೂವು ತಂದುಕೊಟ್ಟವರಲ್ಲ. ಅಂಥವರು ಇದ್ದಕ್ಕಿದ್ದಂತೆ ದೋಣಿ, ಸಮುದ್ರ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಸುಳ್ಳೇಕೆ ಹೇಳಲಿ, ಆ ಬೆಂಕಿಗೆ ಮೊದಲ ಪುಳ್ಳೆ ಹಾಕಿದವಳು ನಾನೇ. ನನ್ನ ಗಂಡ ನನ್ನನ್ನು ಬೀದಿಯ ತಿರುವಿನವರೆಗೂ ಕರೆದುಕೊಂಡು ಹೋದವನಲ್ಲ, ಹೊಟ್ಟೆಯುರಿ ಇತ್ತು. ಗಂಡಸರು ಮೇಲೆ ಬಿದ್ದು ಪ್ರೀತಿ ತೋರಿಸಿದರೆ ಒಳಗೆ ಎಲ್ಲೋ ಹೊಲಿಗೆ ಬಿಟ್ಟಿರುತ್ತದೆ ಎಂದೆ. ಡಿಪೋದಲ್ಲಿ ಹೆಂಗಸರು ಇದ್ದಾರಾ ಎಂದೂ ಕೇಳಿದೆ.

ಅಷ್ಟು ಸಾಕಾಯಿತು. ಮೊದಲ ಭಾನುವಾರ ಕೆರೆಗೆ ಹೋಗಿ ಕಾಲಲ್ಲಿ ತುಳಿಯುವ ದೋಣಿ ಹತ್ತಿದರು. ಸೋಮವಾರ ಬಂದು ವರದಿ ಒಪ್ಪಿಸಿದಳು. ಭಾವ ನೀರು ನೋಡಲಿಲ್ಲವಂತೆ, ಹಕ್ಕಿ ನೋಡಲಿಲ್ಲವಂತೆ, ಎದುರಿಗೆ ಕೂತು ಪೊಲೀಸಿನವರ ಹಾಗೆ ಇವಳ ಮುಖವನ್ನೇ ನೋಡುತ್ತಿದ್ದರಂತೆ. ಹಳದಿ ಬಟ್ಟೆಯನ್ನೇ ಹಾಕಿಕೋ ಎಂದು ಹಟ ಬೇರೆ. ಇವಳಿಗೆ ಹಳದಿ ಕಂಡರೆ ಆಗದು. ದೊಡ್ಡ ತೊಟ್ಟಿಲಿನಲ್ಲೂ ಅದೇ ಕತೆ. ಮೇಲೆ ಹೋದಾಗ ಕೆಳಗೆ ಏನೇನು ಕಾಣುತ್ತದೆ ಹೇಳು ಎಂದು ಇವಳನ್ನೇ ಕೇಳಿದರಂತೆ. ಇವಳು ಹೆದರಿ ಕಿರುಚಿದ್ದಕ್ಕೆ ಅಪ್ಪ, ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಮಗಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಇದನ್ನು ಹೇಳುವಾಗ ಭೂತಗನ್ನಡಿಯ ಕೈಯಲ್ಲಿದ್ದ ಅಂಗಿ ಅರ್ಧಕ್ಕೇ ನಿಂತಿತು. ನಗುವಾಗಲೂ ಕಣ್ಣಲ್ಲಿ ನೀರು ಬರುತ್ತದೆ ಎಂದೆ. ಅದು ನಗುವಿನ ನೀರಲ್ಲ, ನನಗೆ ಗೊತ್ತು ಎಂದಳು.

ಡಿಪೋದ ಹೆಂಗಸಿನ ಅನುಮಾನ ಅಲ್ಲಿಗೆ ಬಿದ್ದುಹೋಯಿತು. ಅಪ್ಪನ ಕಳ್ಳತನಕ್ಕೆ ಮಗಳು ಯಾಕೆ ಅಳುತ್ತಾಳೆ? ಹೋಟೆಲಿನಲ್ಲಿ ಮಲಗಿ ಬಂದ ಮೇಲೆ ಹೊಸ ಅನುಮಾನ ಹುಟ್ಟಿತು, ಇದು ಮೊದಲಿನದಕ್ಕಿಂತ ಕೆಟ್ಟದ್ದು. ಅಲ್ಲಿ ಹಾಸಿಗೆಯ ಬಟ್ಟೆಯಲ್ಲಿ ಕಲೆ ಹಿಡಿದು, ಚೀಲದಿಂದ ಬಾಣ ತೆಗೆದು ಅಂಟಿಸಿ ಬಂದಿದ್ದಳು ಮಹಾತಾಯಿ. ಅದನ್ನು ಕೇಳಿ ನಾವು ನಾಲ್ಕು ಮೇಜಿನವರು ಹೊಟ್ಟೆ ಹಿಡಿದು ನಗುತ್ತಿದ್ದಾಗ ಅವಳು ನನ್ನನ್ನು ಕೈಹಿಡಿದು ನೀರಿನ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದಳು.

“ನಾನು ಸಾಯ್ತೀನಿ ಕಣೆ. ಮನೇಲಿ ಎಲ್ಲಾರ್ಗೂ ಗೊತ್ತಿದೆ, ನನಗೊಬ್ಬಳಿಗೆ ಹೇಳಿಲ್ಲ.”

ಲೆಕ್ಕ ಅವಳ ಬಳಿ ಸಿದ್ಧವಾಗಿತ್ತು. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರ ರಕ್ತ ತೆಗೆದು ಪರೀಕ್ಷೆ ಮಾಡಿಸುತ್ತಾರೆ. ಈ ಸಲದ ಪರೀಕ್ಷೆ ನಡೆದದ್ದು ಮಗಳ ಕ್ಲಿನಿಕ್ಕಿನಲ್ಲೇ. ನಮಗೆಲ್ಲ ಕಾಗದ ಕೈಗೆ ಬಂತು, ಅವಳದನ್ನು ಮಗಳು ತೆಗೆದುಕೊಂಡು ‘ಎಲ್ಲಾ ಸರಿಯಿದೆ ಅಮ್ಮ’ ಎಂದು ಬಾಯಲ್ಲಿ ಹೇಳಿದ್ದಳು. ಅದಾಗಿ ಎರಡು ವಾರಕ್ಕೆ ಫ್ರಿಜ್ಜಿನ ಮೇಲೆ ಹಾಳೆ. ಸಾಯುವವರ ಆಸೆ ತೀರಿಸುವುದು ಎಂದರೆ ಇನ್ನೇನು? ಕೇಳಿಬಿಡು ಎಂದೆ. ಕೇಳಿದರೆ ಇಲ್ಲ ಎನ್ನುತ್ತಾರೆ, ಇಲ್ಲ ಎಂದರೆ ನಾನು ನಂಬುವುದಿಲ್ಲ, ಸುಮ್ಮನೆ ಬಾಯಿ ನೋವು ಎಂದಳು. ಅದೂ ನಿಜವೇ.

ಮುಂದಿನ ತಿಂಗಳು ಅವಳು ಬದುಕಿದ ರೀತಿ ನೆನೆದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದಳು, ತಾನಿಲ್ಲದಾಗ ಗಂಡನಿಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯಲಿ ಎಂದು. ಇನ್ನೊಂದು ಕಡೆ, ಒಂದು ಆಸೆಯನ್ನೂ ಬಿಡಲಿಲ್ಲ. ಹೇಗೂ ಹೋಗುವವಳು, ನೋಡಿಯೇ ಹೋಗುತ್ತೇನೆ ಎಂದಳು. ಸಮುದ್ರಕ್ಕೆ ಹೋದಳು. ಈಜುಕೊಳದಲ್ಲಿ ಮಗಳ ಕತ್ತು ಹಿಡಿದುಕೊಂಡು ತೇಲಿದಳು. ಐವತ್ತೆರಡನೇ ವಯಸ್ಸಿಗೆ ಸೈಕಲ್ ಕಲಿಯಲು ಹೋಗಿ ಮೊಣಕಾಲು ತರಚಿಸಿಕೊಂಡು ಬಂದಳು, ಆ ಗಾಯವನ್ನು ಎಲ್ಲರಿಗೂ ತೋರಿಸಿದಳು. ಪ್ರತಿ ಸೋಮವಾರ ಬಣ್ಣಬಣ್ಣವಾಗಿ ಹೇಳುವಳು, ಕೊನೆಗೆ ದನಿ ತಗ್ಗಿಸಿ, ಐದು ಆಯಿತು, ಇನ್ನು ಮೂರು; ಆರು ಆಯಿತು, ಇನ್ನು ಎರಡು ಎನ್ನುವಳು. ಎಂಟು ಮುಗಿದ ದಿನ ತನ್ನ ಕತೆಯೂ ಮುಗಿಯುತ್ತದೆ ಎಂದು ಅವಳ ನಂಬಿಕೆ.

ಏಳನೆಯದು, ಮನೆಯವರೆಲ್ಲ ಸೇರಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವುದು. ಅದೂ ಮುಗಿದ ಮಾರನೆಯ ದಿನ ನನಗೆ ತಡೆಯಲಾಗಲಿಲ್ಲ. ಇಬ್ಬರೂ ಅರ್ಧ ದಿನ ರಜೆ ಹಾಕಿ, ಮಗಳ ಪಾಳಿ ಇಲ್ಲದ ಹೊತ್ತು ನೋಡಿಕೊಂಡು ಕ್ಲಿನಿಕ್ಕಿಗೆ ಹೋದೆವು. ಕೌಂಟರಿನಲ್ಲಿದ್ದ ಹೆಂಗಸಿಗೆ ಇವಳು ತನ್ನ ಗುರುತಿನ ಚೀಟಿ ತೋರಿಸಿ, ನನ್ನ ರಕ್ತದ ಕಾಗದ ಕೊಡಿ, ನಕಲಲ್ಲ, ಮೂಲದ್ದು ಎಂದಳು. ಆಕೆ ಕ್ಲಿನಿಕ್ಕಿನ ಕಡತದಿಂದ ತೆಗೆದುಕೊಟ್ಟಳು. ಇವಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ಆ ಹೆಂಗಸಿನಿಂದಲೇ ಒಂದೊಂದು ಸಾಲೂ ಓದಿಸಿದಳು. ಎಲ್ಲವೂ ಸರಿಯಿತ್ತು. ಸಕ್ಕರೆ ಕೂಡ ಇಲ್ಲ. ನೀವು ಗಟ್ಟಿಯಾಗಿದ್ದೀರಿ ಎಂದಿದ್ದಕ್ಕೆ ಸಿಟ್ಟು ಮಾಡಿಕೊಂಡ ಮನುಷ್ಯರನ್ನು ನಾನು ನೋಡಿದ್ದು ಅದೊಂದೇ ಸಲ. ಇಲ್ಲಿ ನರ್ಸಾಗಿರುವ ನನ್ನ ಮಗಳು ಹೀಗೆ ಹೇಳು ಅಂದಿದ್ದಾಳಾ ಎಂದು ದಬಾಯಿಸಿದಳು.

ಕೌಂಟರಿನವಳಿಗೆ ಆಗ ಇವಳು ಯಾರ ತಾಯಿ ಎಂದು ಗೊತ್ತಾಯಿತು. ಮುಖ ಮೆತ್ತಗಾಯಿತು.

“ಓ, ನೀವಾ. ಬಂದಿದ್ದು ಒಳ್ಳೇದಾಯ್ತು ಬಿಡಿ. ನಿಮ್ಮ ಯಜಮಾನ್ರಿಗೆ ಗುರುವಾರ ಮತ್ತೆ ಕಣ್ಣಿನ ಪರೀಕ್ಷೆ ಇದೆ. ಸಲ ಸಲಾನೂ ಮಗಳ ಜೊತೇನೇ ಬರ್ತಾರೆ. ಹೆಂಡ್ತೀನೂ ಕರ್ಕೊಂಡು ಬನ್ನಿ, ಮುಂದೆ ನೋಡ್ಕೊಳ್ಳೋರು ಅವರೇ ಅಲ್ವಾ ಅಂತ ಡಾಕ್ಟ್ರು ಮೂರ್ ಸಲ ಹೇಳಿದಾರೆ.”

ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿದಳು. ಹೊರಗೆ ಬಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಎರಡು ಬಸ್ಸು ಬಂದು ಹೋದವು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಒಂದೊಂದೇ ತೆಗೆದಳು. ಬಸ್ಸು ಬಿಟ್ಟದ್ದು. ಎದ್ದು ಕಾಣುವ ಹಳದಿ ಬಟ್ಟೆ. ಕೆಳಗೆ ಏನು ಕಾಣುತ್ತದೆ ಎಂದು ಕೇಳಿದ್ದು. ಮನೆಯಲ್ಲಿ ಅವರು ಹೊಸ್ತಿಲು ಎಡವಿದ್ದು, ಲೋಟ ಕೆಡವಿದ್ದು, ಅದಕ್ಕೆ ತಾನು ಬೈದದ್ದು. ಊರಿನ ಅಂಗಿಗೆಲ್ಲ ಬಾಣ ಹಚ್ಚಿದವಳಿಗೆ ದೀಪದ ಬುಡದ ಕತ್ತಲೆ ಕಂಡಿರಲಿಲ್ಲ. ತಿಂಗಳಿಡೀ ತನ್ನನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದಳೇ ಹೊರತು ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿರಲಿಲ್ಲ. ನಾನು ಮಾತ್ರ ಏನು ಮಾಡಿದ್ದೆ? ಡಿಪೋದಲ್ಲಿ ಹೆಂಗಸರಿದ್ದಾರಾ ಎಂದಿದ್ದೆ. ನನ್ನ ನಾಲಿಗೆಯನ್ನು ಕಿತ್ತು ಹಾಕಬೇಕು ಅನಿಸಿತು.

ಅಂದು ಸಂಜೆ ಅವಳು ಗಂಡನನ್ನು ನೇರವಾಗಿ ಕೇಳಿದಳು. ಮರುದಿನ ನನಗೆ ಹೇಳುವಾಗ ಒಂದಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ. ಎಷ್ಟು ಕಾಣುತ್ತದೆ ಎಂದಾಗ ಅವರು, ಬಾಗಿಲ ಸಂದಿಯಲ್ಲಿ ನೋಡಿದ ಹಾಗೆ, ನಡುವೆ ಇದೆ, ಸುತ್ತ ಇಲ್ಲ ಎಂದರಂತೆ. ಸಂದಿ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಿದೆ. ಔಷಧಿ ಇಲ್ಲ. ಒಂದು ವರ್ಷವೋ, ಕಡಿಮೆಯೋ. ಯಾಕೆ ಹೇಳಲಿಲ್ಲ ಎಂದಿದ್ದಕ್ಕೆ ಅವರು ಕೊಟ್ಟ ಉತ್ತರ ಇದು:

“ಹೇಳಿದ್ರೆ ನೀನು ನನ್ನ ಕಣ್ಣನ್ನೇ ನೋಡ್ತಾ ಕೂತ್ಬಿಡ್ತಿದ್ದೆ. ನಗ್ತಿರ್ಲಿಲ್ಲ. ನಂಗೆ ನೀನು ನಗೋದು ನೋಡ್ಬೇಕಿತ್ತು. ಸಮುದ್ರ ಕಟ್ಕೊಂಡು ನಾನೇನ್ ಮಾಡ್ಲಿ?”

ಅವಳು ಹದಿನೈದು ವರ್ಷ ಗೊಣಗಿದ್ದೆಲ್ಲ ಅವರ ತಲೆಯಲ್ಲಿ ಸಾಲಾಗಿ ಕೂತಿತ್ತು. ಎಂಟನೆಯದೂ ಹಾಗೇ ಬಂದದ್ದು. ಒಮ್ಮೆ ಜಗಳದಲ್ಲಿ, ದಿನವಿಡೀ ನಾನು ಅಲ್ಲಿ ಏನು ಮಾಡುತ್ತೇನೆ ಎಂದು ನಿಮಗ್ಯಾರಿಗಾದರೂ ಗೊತ್ತಾ, ಒಂದು ದಿನ ಬಂದು ನೋಡಿ ಎಂದಿದ್ದಳಂತೆ. ಕಾರ್ಖಾನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಅದಕ್ಕೇ ಆ ಚೌಕ ಖಾಲಿ ಉಳಿದಿತ್ತು. ಅವಳು ಮ್ಯಾನೇಜರ ಕೋಣೆಗೆ ಹೋದಳು. ಇಪ್ಪತ್ತಾರು ವರ್ಷದಲ್ಲಿ ತಾನಾಗಿ ಹೋದದ್ದು ಅದೇ ಮೊದಲು. ಏನು ಹೇಳಿದಳೋ ಗೊತ್ತಿಲ್ಲ, ಮ್ಯಾನೇಜರು ಅವಳ ಹಿಂದೆಯೇ ಹೊರಬಂದು, ಶನಿವಾರ ಅರ್ಧ ದಿನದ ಕೆಲಸ ಮುಗಿಯುವ ಹೊತ್ತಿಗೆ ಬರಲಿ ಎಂದರು.

ಶನಿವಾರ ಭಾವ ಮಗಳ ತೋಳು ಹಿಡಿದು ಬಂದರು. ನನ್ನ ಸ್ಟೂಲನ್ನು ಅವರಿಗೆ ಕೊಟ್ಟು ನಾನು ಗೋಡೆಗೆ ಒರಗಿ ನಿಂತೆ. ಭೂತಗನ್ನಡಿ ಅಂಗಿ ಹರಡಿದಳು. ಅವರು ಅವಳ ಕೈಯನ್ನೇ ನೋಡುತ್ತಿದ್ದರು, ಕೈ ಸರಿದ ಕಡೆಗೆಲ್ಲ ಇಡೀ ತಲೆ ತಿರುಗಿಸುತ್ತಾ. ನಾಲ್ಕು ಅಂಗಿ ಆಯಿತು. ಐದನೆಯದನ್ನೂ ಸರಿಯಿದೆ ಎಂದು ಪಕ್ಕಕ್ಕಿಟ್ಟಳು. ಈಗ ಏನು ನೋಡಿದೆ ಎಂದು ಅವರು ಕೇಳಿದರು. ಅವಳ ಕೈ ನಿಂತಿತು. ಆ ಅಂಗಿಯನ್ನೇ ವಾಪಸ್ ಎಳೆದು, ಅವರ ಬಲಗೈಯ ತೋರುಬೆರಳನ್ನು ಹಿಡಿದು ಒಳಗಿನ ಹೊಲಿಗೆಯ ಮೇಲಿಟ್ಟಳು.

“ಕಣ್ಣಿನ ಗೊಡವೆ ಬೇಡ. ಬೆರಳಲ್ಲಿ ನೋಡಿ. ನಿಧಾನ, ಅವಸರ ಇಲ್ಲ.”

ಬೆರಳು ಪಕ್ಕದ ಹೊಲಿಗೆಯ ಗುಂಟ ಮೇಲಕ್ಕೆ ಹೋಯಿತು. ಕಂಕುಳಿನ ಹತ್ತಿರ ನಿಂತು ಹಿಂದೆ ಬಂದು ಮತ್ತೆ ಹೋಯಿತು. ಇಲ್ಲಿ ಏನೋ ಬಿಟ್ಟಿದೆ ಎಂದರು.

“ನನ್ನ ಸಮಾಧಾನಕ್ಕೆ ಅಂತ ಹೇಳ್ಬೇಡಿ.”

“ಇಲ್ವೇ. ಬಿಟ್ಟಿದೆ.”

ಅವಳು ನಂಬಲಿಲ್ಲ. ಅಂಗಿಯನ್ನು ಕಿತ್ತುಕೊಂಡು ಟ್ಯೂಬ್‌ಲೈಟಿಗೆ ಹಿಡಿದಳು. ನಾನೂ ಬಗ್ಗಿ ನೋಡಿದೆ. ಕಂಕುಳಿನ ಒಳಗೆ ಮೂರು ಹೊಲಿಗೆ ಹಾರಿಹೋಗಿತ್ತು. ಅವಳು ನೋಡಿ, ಸರಿಯಿದೆ ಎಂದು ಇಟ್ಟಿದ್ದ ಅಂಗಿ ಅದು. ಅವಳು ಬಂಡಲಿನಿಂದ ಇನ್ನೊಂದು ಅಂಗಿ ಎಳೆದು, ಒಳಮೈ ಹೊರಗೆ ಮಾಡಿ ಅವರ ಮುಂದೆ ಹರಡಿ, ಈಗ ಕಣ್ಣು ಮುಚ್ಚಿಕೊಂಡು ನೋಡಿ ಎಂದಳು. ಭಾವ ಮಗುವಿನ ಹಾಗೆ ಗಟ್ಟಿಯಾಗಿ ಕಣ್ಣು ಮುಚ್ಚಿದರು. ಅವರು ಮುಚ್ಚಿದ್ದನ್ನು ಎರಡು ಸಲ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಅವಳು ಅತ್ತಳು.