ಹದಿನಾಲ್ಕನೆಯ ಸದ್ದು

ನನ್ನ ದಿನಚರಿಯ ಹಿಂದಿನ ಪುಟಗಳಲ್ಲಿ ನಡುವೆ ಗೆರೆ ಎಳೆದ ಎರಡು ಪಟ್ಟಿಗಳಿವೆ. ಎಡಗಡೆಯದು ಅಪ್ಪ ಹೇಳಿ ಬರೆಸಿದ್ದು, ಬಲಗಡೆಯದು ಮಾವ ಹೇಳಿ ಬರೆಸಿದ್ದು. ಎಡಗಡೆಯ ತಲೆಬರಹ ‘ಗುರುತುಗಳು’. ಬಲಗಡೆಯದು ‘ಏನೂ ಆಗದ ದಿನಗಳು’. ಈ ಎರಡರಿಂದ ನಮ್ಮ ಮನೆಯಲ್ಲಿ ಎಷ್ಟು ರಕ್ತ ಹರಿಯಿತು ಎಂಬುದನ್ನೂ ಪುಟದ ಕೆಳಗೆ ಬರೆದಿಟ್ಟಿದ್ದೇನೆ, ಹೊಲಿಗೆಗಳ ಲೆಕ್ಕದಲ್ಲಿ.

ನಮ್ಮೂರು ಕನಕಪುರದಿಂದಾಚೆ, ಕಲ್ಲುಕ್ವಾರಿಯ ಬುಡದಲ್ಲಿದೆ. ಅಪ್ಪ ಅಲ್ಲಿ ಬಂಡೆಗೆ ಕುಳಿ ಕೊರೆಯುತ್ತಾನೆ. ಅವ್ವನ ತಮ್ಮ, ಅಂದರೆ ನನ್ನ ಮಾವ, ಆ ಕುಳಿಗಳಿಗೆ ಮದ್ದು ತುಂಬಿ ಸಿಡಿಸುತ್ತಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಮೂರು ಸಲ ಸೀಟಿ ಊದಿ ಕೆಂಪು ಬಾವುಟ ಏರಿಸುತ್ತಾರೆ. ಎಲ್ಲರೂ ಮರೆಗೆ ಹೋಗುತ್ತಾರೆ. ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದ ಬಿಟ್ಟಿರುವುದರಿಂದ ಕುಳಿಗಳು ಒಂದಾದ ಮೇಲೊಂದು ಸಿಡಿಯುತ್ತವೆ. ಆ ಸದ್ದುಗಳನ್ನು ಎಣಿಸಬೇಕು. ಒಬ್ಬ ಎಣಿಸಿದರೆ ಸಾಲದು, ಇಬ್ಬರು ಬೇಕು. ಇಬ್ಬರ ಲೆಕ್ಕ ಕೂಡದಿದ್ದರೆ ಕಡಿಮೆ ಹೇಳಿದವನ ಮಾತೇ ನಡೆಯಬೇಕು. ಯಾಕೆಂದರೆ ಒಂದು ಕುಳಿ ಸಿಡಿಯದೆ ಉಳಿದಿರಬಹುದು. ಮರುದಿನದವರೆಗೆ ಯಾರೂ ಬಂಡೆಯ ಹತ್ತಿರ ಹೋಗುವಂತಿಲ್ಲ. ಹದಿನೈದು ವರ್ಷ ಆ ಇಬ್ಬರು ಅಪ್ಪ ಮತ್ತು ಮಾವನೇ ಆಗಿದ್ದರು.

ಮನೆಯಲ್ಲಿದ್ದ ದಿನ ನಾನೂ ಎಣಿಸುತ್ತಿದ್ದೆ. ಶಾಲೆಯ ಕಾಲದಿಂದ ಬಂದ ಅಭ್ಯಾಸ. ನಮ್ಮ ಸೂರಿನ ಮೇಲೆ ಹಾರಿಬಂದು ಬಿದ್ದ ಕಲ್ಲುಗಳ ಲೆಕ್ಕವೂ ಇದೆ: ಒಟ್ಟು ಹನ್ನೊಂದು. ಒಂದು ಕಾವಿಗೆ ಕೂತಿದ್ದ ಕೋಳಿಯನ್ನು ಮೊಟ್ಟೆಗಳ ಸಮೇತ ಜಜ್ಜಿತು. ಇನ್ನೊಂದು ಹೆಂಚು ಒಡೆದು ನನ್ನ ದಿಂಬಿನ ಮೇಲೆ ಬಿತ್ತು, ಮುಟ್ಟಿದರೆ ಬಿಸಿಯಾಗಿತ್ತು.

ಗುರುತುಗಳ ಪಟ್ಟಿ ಶುರುವಾದದ್ದು ಲಾಕ್‌ಡೌನ್ ವರ್ಷ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸಕ್ಕೆ ನಾನು ಆಗಷ್ಟೇ ಸೇರಿದ್ದೆ, ಕಾರ್ಖಾನೆ ಮುಚ್ಚಿತ್ತು. ನಮ್ಮದು ಮುತ್ತಜ್ಜನ ಕಾಲದಿಂದ ಊರಿನ ಹಳೆಯ ಚರ್ಚಿಗೆ ಸೇರಿದ ಮನೆ. ಅಪ್ಪ ಮಾತ್ರ ರಸ್ತೆ ಬದಿಯ ಶೀಟಿನ ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದ್ದ. ಅಲ್ಲಿನ ಪಾಸ್ಟರು, ಕ್ರಿಸ್ತ ಮರಳಿ ಬರುವ ಕಾಲ ಬಾಗಿಲಿಗೇ ಬಂದಿದೆ, ಆ ದಿನ ಸತ್ತವರು ಏಳುತ್ತಾರೆ, ಯುದ್ಧ, ಭೂಕಂಪ, ಬರ, ರೋಗ ಇವೆಲ್ಲ ಅದರ ಗುರುತುಗಳು ಎನ್ನುತ್ತಿದ್ದರಂತೆ. ಅಪ್ಪನಿಗೆ ಬರೆಯಲು ಬಾರದು. ಪೇಪರು, ಟಿವಿ ನೋಡಿ ಅವನು ಹೇಳುತ್ತಿದ್ದ, ನಾನು ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದೆ. ಆರು ತಿಂಗಳಲ್ಲಿ ನಲವತ್ತೊಂದು ಗುರುತುಗಳಾದವು.

ಮಾವ ಆಗ ಬರೀ ತಮಾಷೆ ಮಾಡುತ್ತಿದ್ದ. ಕಡೆಯ ದಿನ ಬೆಟ್ಟಗಳು ಸೀಳಿಹೋಗುತ್ತವೆ ಎಂದು ಅಪ್ಪ ಒಂದು ಭಾನುವಾರ ಊಟಕ್ಕೆ ಕೂತು ಹೇಳಿದಾಗ, ಮಾವ ಮುದ್ದೆ ಮುರಿಯುತ್ತಾ, “ಅದ ನಾನು ದಿನಾ ಮಾಡ್ತಾ ಇವ್ನಿ ಭಾವ, ಕೂಲಿಗೆ” ಎಂದ. ಅಪ್ಪನೂ ನಕ್ಕಿದ್ದ.

ಮರುವರ್ಷ ಮಾವನ ಮಗಳು ಡೆಂಗಿಯಿಂದ ಮೂರೇ ದಿನದಲ್ಲಿ ತೀರಿಕೊಂಡಳು. ಆರು ವರ್ಷದವಳು, ಒಬ್ಬಳೇ ಮಗಳು. ಮಣ್ಣು ಹಾಕುವಾಗ ಮಾವ ಗುಂಡಿಯೊಳಗೆ ಇಳಿದುಬಿಟ್ಟ. ಎಳೆದು ಮೇಲೆ ಹಾಕಿದವನು ಅಪ್ಪ. ಅವನ ಎರಡೂ ರಟ್ಟೆ ಹಿಡಿದು, ಎಲ್ಲರೂ ಕೇಳುವಂತೆ ಹೇಳಿದ: “ಅಳಬ್ಯಾಡ ಕಣ್ಲಾ. ಗುರುತೆಲ್ಲಾ ಆಗೋಗೈತೆ. ವರ್ಷದೊಳ್ಗೆ ಸ್ವಾಮಿ ಬತ್ತಾನೆ. ನಿನ್ ಮಗ್ಳು ಎದ್ದು ಬತ್ತಾಳೆ.”

ಮಾವ ಆ ಮಾತನ್ನು ನಂಬಿದ. ಹೇಳಿದವನಿಗಿಂತ ಹೆಚ್ಚು ನಂಬಿದ. ಆ ವರ್ಷ ಅವನು ಕುಡಿಯಲಿಲ್ಲ. ಮಗುವಿನ ಯೂನಿಫಾರಂಗೆ ಪ್ರತಿ ತಿಂಗಳೂ ಇಸ್ತ್ರಿ ಹಾಕಿಸಿದ. ಅವನ ಹೆಂಡತಿ, ನನ್ನ ಅತ್ತೆ, ಅದನ್ನು ನೋಡಲಾರದೆ ಚನ್ನಪಟ್ಟಣದ ತವರಿಗೆ ಹೋದರು, ಅಲ್ಲೇ ಬೊಂಬೆಗೆ ಬಣ್ಣ ಹಚ್ಚುವ ಕೆಲಸಕ್ಕೆ ನಿಂತರು. ವರ್ಷ ತುಂಬಿದ ದಿನ ಮಾವ ಬೆಳಗಿನಿಂದ ಸಂಜೆಯವರೆಗೆ ಸಮಾಧಿಯ ಪಕ್ಕ ಕೂತಿದ್ದು ನೇರ ನಮ್ಮ ಮನೆಗೆ ಬಂದ. ನನ್ನ ಪುಸ್ತಕ ತೆಗೆಸಿ, ಪುಟದ ನಡುವೆ ಗೆರೆ ಎಳೆ ಎಂದ.

“ಆಗಿದ್ದ ಬರ್ದಿದೀಯ ಮಗ. ಇನ್ಮ್ಯಾಕೆ ಆಗ್ದೆ ಇರಾದ್ನೂ ಬರಿ.”

ಅದು ನನಗೆ ಸರಿಯೆನಿಸಿತು. ಕಾರ್ಖಾನೆಯಲ್ಲಿ ಕೆಟ್ಟ ಪೀಸುಗಳನ್ನಷ್ಟೇ ಎಣಿಸಿ ಒಟ್ಟು ಎಷ್ಟಿದ್ದವು ಎಂದು ಬರೆಯದಿದ್ದರೆ ಮೇಲ್ವಿಚಾರಕರು ಹಾಳೆಯನ್ನೇ ಹರಿಯುತ್ತಾರೆ. ಆ ದಿನದಿಂದ ಬಲಗಡೆಯ ಪಟ್ಟಿ ಬೆಳೆಯಿತು.

ಮಾವ ಕೇಳಿದ್ದು ಒಂದೇ. ‘ವರ್ಷದೊಳಗೆ’ ಎಂಬ ಮಾತನ್ನು ಭಾವ ವಾಪಸು ತೆಗೆದುಕೊಳ್ಳಬೇಕು, ತನ್ನೆದುರು, ಬಾಯಿಬಿಟ್ಟು. ಅಪ್ಪ ಒಪ್ಪಲಿಲ್ಲ. ಅದನ್ನು ವಾಪಸು ತೆಗೆದುಕೊಂಡರೆ ಸ್ವಾಮಿಯನ್ನೇ ಇಲ್ಲವೆಂದ ಹಾಗೆ ಎಂದ. ಇಬ್ಬರ ನಡುವೆ ಅವ್ವ ಇದ್ದಳು. ಅವಳ ತವರಿನ ಕಡೆ ಉಳಿದಿದ್ದ ಜೀವ ಆ ತಮ್ಮನೊಬ್ಬನೇ. ಭಾನುವಾರದ ಊಟಕ್ಕೆ ಅವನು ಬಾರದೆ ಹೋದರೆ ಅವಳಿಗೆ ತವರೇ ಇಲ್ಲ.

ಅವನು ಬರುತ್ತಿದ್ದ; ಬಂದಾಗಲೆಲ್ಲ ಜಗಳ. ಕ್ರಿಸ್ತನೇ ತನ್ನ ಮೊದಲ ಶಿಷ್ಯರಿಗೆ, ನಿಮ್ಮಲ್ಲಿ ಕೆಲವರು ಸಾಯುವುದರೊಳಗೆ ನಾನು ಬರುವುದನ್ನು ನೋಡುತ್ತೀರಿ ಎಂದಿದ್ದ, ಅವರೆಲ್ಲ ಸತ್ತು ಎರಡು ಸಾವಿರ ವರ್ಷ ಆಯಿತು ಎಂದು ಮಾವ. ಅದು ಅವರಿಗೆ ಹೇಳಿದ್ದಲ್ಲ, ಗುರುತುಗಳನ್ನು ಕಂಡ ತಲೆಮಾರಿಗೆ ಹೇಳಿದ್ದು, ಆ ತಲೆಮಾರು ನಮ್ಮದೇ ಎಂದು ಅಪ್ಪ. ಪ್ರತಿ ತಲೆಮಾರೂ ಹೀಗೆ ಅಂದುಕೊಂಡೇ ಮಣ್ಣಾಯಿತು ಎಂದು ಮಾವ. ಅಲ್ಲಿಂದ ಕೈಗೆ ಕೈ. ಮೊದಲನೆಯ ಸಲ ಹಿತ್ತಾಳೆ ಚೊಂಬು ಅಪ್ಪನ ಹುಬ್ಬಿಗೆ ಬಿತ್ತು: ನಾಲ್ಕು ಹೊಲಿಗೆ. ಎರಡನೆಯ ಸಲ ಅಪ್ಪ ಮಾವನ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ: ಆರು ಹೊಲಿಗೆ, ಒಂದು ಹಲ್ಲು. ಅವ್ವ ಆಮೇಲೊಂದು ಪದ್ಧತಿ ಮಾಡಿಕೊಂಡಳು. ಭಾನುವಾರ ಎಲೆ ಹಾಕುವ ಮುಂಚೆ ಈಳಿಗೆಮಣೆ, ಒನಕೆ, ರುಬ್ಬುವ ಗುಂಡು, ಚೊಂಬು ಎಲ್ಲವನ್ನೂ ಒಳಕೋಣೆಗೆ ಸಾಗಿಸಿ ಚಿಲಕ ಹಾಕುತ್ತಿದ್ದಳು. ನೀರಿಗೆ ಪ್ಲಾಸ್ಟಿಕ್ ಲೋಟ ಇಡುತ್ತಿದ್ದಳು.

ನಾನು ಹಳೆಯ ಚರ್ಚಿನ ಗುರುಗಳನ್ನು ಹೋಗಿ ಕೇಳಿದೆ. ವಯಸ್ಸಾದವರು. ಮೊದಲ ಕಾಲದ ಭಕ್ತರು ತಮ್ಮ ಜೀವಮಾನದಲ್ಲೇ ಕ್ರಿಸ್ತ ಬರುತ್ತಾನೆಂದು ಕಾದರು, ಬರಲಿಲ್ಲ, ಆದರೂ ನಂಬಿಕೆ ಬಿಡಲಿಲ್ಲ. ದಿನ ಎಣಿಸುವುದು ನಮಗೆ ಕೊಟ್ಟ ಕೆಲಸವಲ್ಲ, ಸಾಯುವ ಪ್ರತಿಯೊಬ್ಬನಿಗೂ ಅವನ ಸಾವೇ ಆ ಬರುವಿಕೆ ಎಂದರು. ನಾನು ಅದನ್ನು ಮಾವನಿಗೆ ಹೇಳಿದೆ.

“ಹಂಗಾದ್ರೆ ನನ್ ಮಗ್ಳಿಗೆ ಬಂದಾತು. ನಂಗ್ಯಾಕೆ ಒಂದ್ ವರ್ಷ ಕಾಯ್ಸಿದ್ರು?”

ಆ ಪ್ರಶ್ನೆಯನ್ನು ಬರೆದುಕೊಂಡೆ.

ಮೂರನೆಯ ಜಗಳ ಫೆಬ್ರವರಿ ಒಂಬತ್ತು, ಭಾನುವಾರ. ಅಪ್ಪ ಅರವತ್ಮೂರನೆಯ ಗುರುತು ಬರೆಸುತ್ತಿದ್ದ, ಎಲ್ಲೋ ದೂರದ ಭೂಕಂಪ. ಮಾವ ಪುಸ್ತಕ ಕಿತ್ತುಕೊಂಡು ಬಲಗಡೆಯ ಮೊತ್ತವನ್ನು ಗಟ್ಟಿಯಾಗಿ ಓದಿದ. ಸಾವಿರ ದಾಟಿತ್ತು. ಸಾವಿರ ದಿನಕ್ಕೂ ಹೆಚ್ಚು ನನ್ನ ಮಗು ಎದ್ದಿಲ್ಲ, ನಿನಗೆ ಎಣಿಸಲಿಕ್ಕೆ ಬರುವುದಿಲ್ಲ ಎಂದ. ಅಪ್ಪ ಅವನ ಕತ್ತು ಹಿಡಿದ. ಒನಕೆ ಇರಲಿಲ್ಲ, ಚೊಂಬು ಇರಲಿಲ್ಲ. ಬರಿಗೈಯಲ್ಲೇ ಬಡಿದಾಡಿದರು. ಸಾರಿನ ಪಾತ್ರೆ ಮಗುಚಿ ಅವ್ವನ ಪಾದ ಸುಟ್ಟಿತು. ಅವಳು ಕೂಗಲಿಲ್ಲ, ಬೊಬ್ಬೆ ಎದ್ದ ಕಾಲಲ್ಲೇ ಇಬ್ಬರ ನಡುವೆ ನಿಂತಳು. ಭಾವ ಆ ಮಾತನ್ನು ನುಂಗುವವರೆಗೆ ಈ ಹೊಸಲು ತುಳಿಯುವುದಿಲ್ಲ ಎಂದು ಮಾವ ಹೊರಟುಹೋದ. ಅಂದಿನಿಂದ ಕ್ವಾರಿಯಲ್ಲೂ ಇಬ್ಬರಿಗೆ ಮಾತಿಲ್ಲ. ಆದರೆ ಎಣಿಸುವ ಇಬ್ಬರು ಅವರೇ.

ಮಾರ್ಚ್ ಹನ್ನೆರಡು, ಬುಧವಾರ. ಜ್ವರವೆಂದು ನಾನು ರಜೆ ಹಾಕಿ ಮನೆಯಲ್ಲಿದ್ದೆ. ಒಂದೂಕಾಲಕ್ಕೆ ಸೀಟಿ ಕೇಳಿತು. ಮಲಗಿದ್ದಲ್ಲಿಂದಲೇ ಎಣಿಸಿದೆ. ಹದಿಮೂರು. ಎಂದಿನಂತೆ ಬರೆದು, ಪಕ್ಕದಲ್ಲಿ ವೇಳೆ ಹಾಕಿದೆ. ಕುಳಿ ಎಷ್ಟಿದ್ದವೋ ನನಗೆ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಇನ್ನೊಂದು ಸದ್ದು ಬಂತು. ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಮೊರ ಬಿದ್ದ ಸದ್ದೂ ಕೇಳಿತು. ಸೀಟಿ ಊದದೆ ಬಂಡೆ ಸಿಡಿಯುವುದಿಲ್ಲವೆಂದು ನಮ್ಮೂರಿನಲ್ಲಿ ಮಕ್ಕಳಿಗೂ ಗೊತ್ತು.

ಅಲ್ಲಿ ಆದದ್ದನ್ನು ಆಮೇಲೆ ಕ್ವಾರಿಯ ಮೇಸ್ತ್ರಿ ಹೇಳಿದ. ಕುಳಿ ಹದಿನಾಲ್ಕಿದ್ದವು. ಹಿಂದಿನ ವಾರ ಎದುರಿನ ಗುಡ್ಡದ ಮೈಯನ್ನು ಗೋಡೆಯಂತೆ ನೇರ ಕತ್ತರಿಸಿದ್ದರು. ಆ ಹೊಸ ಮೈಗೆ ಬಡಿದು ಕಡೆಯ ಸದ್ದು ಎಂದಿಗಿಂತ ಜೋರಾಗಿ ಹಿಂದಿರುಗಿತು. ಮಾವ ಆ ಪ್ರತಿಧ್ವನಿಯನ್ನೂ ಎಣಿಸಿದ. ಅಪ್ಪ ಮೇಸ್ತ್ರಿಯ ಕಡೆ ತಿರುಗಿ ಹದಿಮೂರು ಎಂದ. ಮಾವ ಹದಿನಾಲ್ಕು ಎಂದ. ಹದಿನೈದು ವರ್ಷದಲ್ಲಿ ಲೆಕ್ಕ ಕೂಡದ ದಿನಗಳು ಎಷ್ಟೋ ಬಂದಿದ್ದವು. ಆಗೆಲ್ಲ ಇಬ್ಬರೂ ಬೀಡಿ ಹಚ್ಚಿ, ನಾಳೆ ನೋಡೋಣ ಎಂದು ಎದ್ದುಬರುತ್ತಿದ್ದರು. ಆ ದಿನ ಮಾವ ಹೊಗೆ ಅಡಗುವವರೆಗೆ ಕಾದು, ಎದ್ದು ನಿಂತು ಕೂಲಿಯವರಿಗೆ ಹೇಳಿದ:

“ನಮ್ ಭಾವನ್ ಲೆಕ್ಕ ನಿಮ್ಗೂ ಗೊತ್ತಲ್ಲ. ಬಾರ್ದೆ ಇರೋನಿಗೆ ಕಾಯಾದು ಅವ್ನ ಕಸುಬು. ನಂದಲ್ಲ.”

ಎಲ್ಲರೂ ನಕ್ಕರಂತೆ. ಮಾವ ಬಂಡೆಯ ಕಡೆ ನಡೆದ.

ನಾನು ಓಡಿಹೋಗುವಷ್ಟರಲ್ಲಿ ಅವನನ್ನು ಟ್ರ್ಯಾಕ್ಟರಿಗೆ ಏರಿಸಿದ್ದರು. ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇರಲಿಲ್ಲ. ಅಲ್ಲಿ ಅಪ್ಪ ತನ್ನ ಪಂಚೆ ಹರಿದು ಬಿಗಿದು ಕಟ್ಟಿದ್ದ, ಪಂಚೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮುಖದ ಒಂದು ಕಡೆಯ ತುಂಬ ಕಲ್ಲಿನ ಚೂರು ನಾಟಿತ್ತು, ಕಣ್ಣಿನ ಜಾಗ ಗೊತ್ತಾಗುತ್ತಿರಲಿಲ್ಲ. ಪ್ರಜ್ಞೆ ಇತ್ತು. ಕೈ ಎಲ್ಲಿ ಬಿತ್ತು ನೋಡಿ ಎಂದು ಹೇಳುತ್ತಲೇ ಇದ್ದ. ಇಬ್ಬರು ಹುಡುಕಿ ಎರಡು ಬೆರಳುಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದರು. ಕನಕಪುರದ ಆಸ್ಪತ್ರೆಯವರು ಅದನ್ನು ನೋಡಿ ತಲೆಯಾಡಿಸಿ, ಬೆಂಗಳೂರಿಗೆ ಕಳಿಸಿದರು. ಐವತ್ತೆಂಟು ಹೊಲಿಗೆ. ಎಡಗಣ್ಣು ಉಳಿಯಲಿಲ್ಲ.

ಹನ್ನೊಂದು ದಿನ ಅಪ್ಪ ಆಸ್ಪತ್ರೆಯ ಮೊಗಸಾಲೆಯಲ್ಲೇ ಕೂತಿದ್ದ, ವಾರ್ಡಿನ ಒಳಗೆ ಕಾಲಿಡಲಿಲ್ಲ. ಇದು ದೇವರು ಕೊಟ್ಟ ಶಿಕ್ಷೆ ಎಂದು ಪ್ರಾರ್ಥನಾ ಮಂದಿರದವನೊಬ್ಬ ಬಂದು ಹೇಳಿದಾಗ ಅಪ್ಪ ಅವನ ಕಪಾಳಕ್ಕೆ ಹೊಡೆದ. ನರ್ಸು ಗದರಿದರು. ಅದನ್ನೂ ತಾರೀಖು ಹಾಕಿ ಬರೆದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಅವ್ವ ಗಂಜಿಯ ಡಬ್ಬಿಯನ್ನು ಅಪ್ಪನ ಕೈಗೆ ಇಟ್ಟು, ನನ್ನ ಕಾಲು ನೋಯುತ್ತದೆ, ನೀನೇ ಕೊಡು ಎಂದಳು. ಕಾಲು ವಾಸಿಯಾಗಿ ವಾರವಾಗಿತ್ತು. ಅಪ್ಪ ಒಳಗೆ ಹೋದ. ನಾನು ಹಿಂದೆಯೇ ಹೋದೆ. ಮಾವ ಗೋಡೆಯ ಕಡೆ ತಿರುಗಿಕೊಂಡ.

ಅಪ್ಪ ನಿಂತೇ ಮಾತಾಡಿದ.

“ನಾನು ಹದಿಮೂರೇ ಎಣಿಸಿದ್ದೆ ಕಣ್ಲಾ. ನಂಗೆ ಗೊತ್ತಿತ್ತು. ನಿನ್ನ ಹಿಡ್ಕಬೋದಿತ್ತು. ಜನ ನಕ್ರು. ಹೋಗ್ಲಿ ಅಂದ್ಕಂಡೆ.”

ಮಾವ ತಿರುಗಲಿಲ್ಲ. ಅಪ್ಪ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ, ತೆಗೆಯದೆ ಮತ್ತೆ ಬಿಗಿಯುತ್ತಾ ನಿಂತ.

“ಮಗೀನ ಗುಂಡಿ ತಾವ ಅಂದೆನಲ್ಲ, ವರ್ಷದೊಳ್ಗೆ ಅಂತ. ಅದು ಸ್ವಾಮಿ ಹೇಳಿದ್ದಲ್ಲ. ನೀನು ಅಳಾದ ನೋಡಕ್ಕಾಗ್ದೆ ನಾನು ಸೇರ್ಸಿದ್ದು. ಅದ ವಾಪಸ್ ತಕ್ಕಂಡಿವ್ನಿ.” ಮತ್ತೆ ಸೇರಿಸಿದ: “ಬತ್ತಾನೆ ಅಂದಿದ್ದ ಮಾತ್ರ ತಕ್ಕಳಾಕಿಲ್ಲ.”

“ಹತ್ರ ಬಾ” ಎಂದ ಮಾವ.

ಅಪ್ಪ ಬಗ್ಗಿದ. ಮಾವ ಎಡಗೈಯಿಂದ ಅವನ ಕೆನ್ನೆಗೆ ಬಾರಿಸಿದ. ಅಭ್ಯಾಸವಿಲ್ಲದ ಕೈ, ಏಟು ಕಿವಿಗೆ ಬಿತ್ತು. ಡ್ರಿಪ್ಪಿನ ಸೂಜಿ ಕಿತ್ತು ಹಾಸಿಗೆಯ ಮೇಲೆಲ್ಲ ರಕ್ತವಾಯಿತು. ಎರಡನೆಯ ಏಟಿಗೂ ಅಪ್ಪ ಕದಲಲಿಲ್ಲ. ಮೂರನೆಯದು ಏಟಾಗಿರಲಿಲ್ಲ, ಕೈ ಅಪ್ಪನ ಭುಜದ ಮೇಲೆ ಬಿದ್ದು ಅಲ್ಲೇ ಉಳಿಯಿತು. ನಾನು ನರ್ಸನ್ನು ಕರೆತಂದೆ. ಸೂಜಿ ಮತ್ತೆ ಚುಚ್ಚಿ ಅವರು ಹೋದ ಮೇಲೆ ಅಪ್ಪ ಮಂಚದ ಅಂಚಿಗೆ ಕೂತು ಗಂಜಿಯನ್ನು ಚಮಚದಲ್ಲಿ ಕೊಟ್ಟ. ಮಾವ ಕುಡಿದ. ಉಪ್ಪಿಲ್ಲ ಎಂದ.

ಆಮೇಲೆ ಅಪ್ಪ ನನ್ನಿಂದ ಗುರುತು ಬರೆಸಲಿಲ್ಲ. ಎಡಗಡೆಯ ಪಟ್ಟಿ ಅರವತ್ಮೂರಕ್ಕೆ ನಿಂತಿದೆ. ಪೇಪರು ಮಾತ್ರ ಪೂರ್ತಿ ನೋಡುತ್ತಾನೆ, ಯುದ್ಧದ ಚಿತ್ರ ಬಂದ ಪುಟವನ್ನು ಮಡಚಿ ಪಕ್ಕಕ್ಕಿಡುತ್ತಾನೆ. ಬಲಗಡೆಯದನ್ನು ನಿಲ್ಲಿಸು ಎಂದು ಮಾವ ಹೇಳಿಲ್ಲ, ಹಾಗಾಗಿ ಅದು ಮುಂದುವರಿದಿದೆ. ಕ್ವಾರಿಯಲ್ಲಿ ಈಗ ಬೇರೆ ಇಬ್ಬರು ಎಣಿಸುತ್ತಾರೆ. ಮನೆಯಲ್ಲಿದ್ದ ದಿನ ನಾನೂ ಎಣಿಸುತ್ತೇನೆ. ಕಡೆಯ ಸದ್ದಾದ ಮೇಲೆ ಇಪ್ಪತ್ತು ನಿಮಿಷ ಯಾವ ಕೆಲಸಕ್ಕೂ ಕೈ ಹಾಕಲಾಗುವುದಿಲ್ಲ.

ಮೇ ತಿಂಗಳ ಎರಡನೆಯ ಭಾನುವಾರ ಮಾವ ನಮ್ಮ ಮನೆಗೆ ಊಟಕ್ಕೆ ಬಂದ. ಅಂಗಿಯ ಬಲತೋಳಿನ ಖಾಲಿ ತುದಿಯನ್ನು ಮಡಚಿ ಪಿನ್ನು ಹಾಕಿದ್ದ. ಕೋಳಿಸಾರು, ಮುದ್ದೆ. ಅವ್ವ ಅವನ ಮುದ್ದೆಯನ್ನು ಮೊದಲೇ ತುತ್ತು ಮಾಡಿಟ್ಟಿದ್ದಳು. ಸಾರು ಸುರಿಯುವ ಸದ್ದಷ್ಟೇ ಇತ್ತು. ಎರಡನೆಯ ಮುದ್ದೆ ಬಡಿಸುವಾಗ ಮಾವ ತಲೆ ಎತ್ತದೆ ಕೇಳಿದ:

“ಅಲ್ಲ ಭಾವ, ಅವ್ನು ಬಂದ್ರೆ ನನ್ ಕೈನೂ ತಂದ್ಕೊಡ್ತಾನಾ, ಇಲ್ಲ ಅದು ಕ್ವಾರೀಲೇ ಇರ್ತದಾ?”

ಅಪ್ಪ ಲೋಟ ಕೆಳಗಿಟ್ಟ. ಸತ್ತವರು ಎಂಥ ಮೈಯಲ್ಲಿ ಏಳುತ್ತಾರೆ ಎಂದು ಶುರುಮಾಡಿದ. ಅದನ್ನು ಯಾರು ಕಂಡು ಬಂದರು ಎಂದು ಮಾವ ಅರ್ಧದಲ್ಲೇ ತಡೆದ. ಅಪ್ಪನ ದನಿ ಏರಿತು.

ಅವ್ವ ಎದ್ದಳು. ಬಾಗಿಲ ಹಿಂದಿದ್ದ ಒನಕೆಯನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ತಿರುಗಿ ಬಂದು ಈಳಿಗೆಮಣೆ ಒಯ್ದಳು, ಆಮೇಲೆ ಚೊಂಬು. ಮೂರು ಸಲ ನನ್ನ ಪಕ್ಕ ಹಾದುಹೋದಳು, ಮೂರು ಸಲವೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.